ಪುಟ್ಟ ನಾಯಿಗೆ ದೊಡ್ಡ ಚಳಿ

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿಯುವ ಹೊತ್ತಿಗೆ ಬೆಂಗಳೂರಿನ ಮನೆಗಳಲ್ಲಿ ಟ್ರಂಕು, ಬೀರುಗಳಿಂದ ಸ್ವೆಟರುಗಳು ಹೊರಗೆ ಬರುತ್ತವೆ. ಬೀದರ್, ವಿಜಯಪುರದ ಕಡೆ ಕಂಬಳಿಗಳೂ ಬರುತ್ತವೆ. ಸರಿಯಾಗಿ ಅದೇ ದಿನಗಳಲ್ಲಿ, ಶಾಲೆಯಿಂದ ಬರುವ ಮಕ್ಕಳ ಕೈಯಲ್ಲೋ, ಬ್ಯಾಗಿನಲ್ಲೋ, ಸ್ವೆಟರಿನ ಒಳಗೋ ಒಂದು ನಾಯಿಮರಿಯೂ ಮನೆಗೆ ಬರುವುದುಂಟು. “ಅಮ್ಮಾ, ಚಳೀಲಿ ನಡುಗ್ತಿತ್ತು. ಇವತ್ತೊಂದು ರಾತ್ರಿ ಇರ್ಲಿ ಅಮ್ಮಾ” ಎಂಬ ಮನವಿಯೂ ಅದರ ಜೊತೆಗೇ ಬರುತ್ತದೆ. ಇಂಥ ‘ಒಂದು ರಾತ್ರಿ’ ಹನ್ನೆರಡು ಹದಿಮೂರು ವರ್ಷಗಳವರೆಗೆ ಬೆಳೆಯಬಲ್ಲದು ಎಂಬುದು ಅನುಭವಸ್ಥ ತಾಯಂದಿರಿಗೆ ಚೆನ್ನಾಗಿ ಗೊತ್ತು. ಅವರ ಹಿಂಜರಿಕೆಗೆ ಕಾರಣವಿಲ್ಲದೆ ಇಲ್ಲ.

ಚಳಿಗಾಲದಲ್ಲೇ ಮರಿಗಳು ಇಷ್ಟೊಂದು ಕಣ್ಣಿಗೆ ಬೀಳುವುದು ಆಕಸ್ಮಿಕವಲ್ಲ. ನಮ್ಮ ಬೀದಿನಾಯಿಗಳು ಹೆಚ್ಚಾಗಿ ಬೆದೆಗೆ ಬರುವುದು ಮಳೆಗಾಲದ ಕೊನೆಯ ಭಾಗದಲ್ಲಿ. ನಾಯಿಯ ಗರ್ಭದ ಅವಧಿ ಸುಮಾರು 63 ದಿನ. ಹಾಗಾಗಿ ಚಳಿ ಬಲಿಯುವ ನವೆಂಬರ್, ಡಿಸೆಂಬರ್, ಜನವರಿಯಲ್ಲೇ ಚರಂಡಿಯ ಮೋರಿಯಡಿ, ಕಟ್ಟಡ ಕೆಲಸದ ಮರಳುಗುಡ್ಡೆಯ ಮೇಲೆ, ನಿಂತ ಲಾರಿಗಳ ಕೆಳಗೆ ಮರಿಗಳು ಕಣ್ಣು ಬಿಡುತ್ತವೆ. ವರ್ಷದ ಅತ್ಯಂತ ತಣ್ಣನೆಯ ದಿನಗಳಲ್ಲಿ ಬದುಕಿನ ಅತ್ಯಂತ ಎಳೆಯ ವಾರಗಳನ್ನು ಕಳೆಯಬೇಕಾದ ದೌರ್ಭಾಗ್ಯ ಅವುಗಳದು.

ಮರಿಯನ್ನು ಎತ್ತಿಕೊಳ್ಳುವ ಮೊದಲು ಮಕ್ಕಳು ಮಾಡಬೇಕಾದ ಕೆಲಸ ಒಂದೇ: ತಾಯಿ ಇದ್ದಾಳೆಯೇ ಎಂದು ನೋಡುವುದು. ತಾಯಿನಾಯಿ ದಿನವಿಡೀ ಮರಿಗಳ ಪಕ್ಕದಲ್ಲಿ ಕೂರುವುದಿಲ್ಲ. ಹಾಲು ಕೊಡಬೇಕಾದರೆ ಅವಳೂ ತಿನ್ನಬೇಕಲ್ಲ! ಆಹಾರ ಹುಡುಕಿ ಹೋದವಳು ಗಂಟೆ, ಎರಡು ಗಂಟೆ ಬಿಟ್ಟು ಬರಬಹುದು. ಅಷ್ಟರಲ್ಲಿ ‘ಅನಾಥ ಮರಿ’ ಎಂದು ಕರುಣೆಯಿಂದ ಎತ್ತಿಕೊಂಡು ಹೋದರೆ, ಅದನ್ನು ಅನಾಥ ಮಾಡಿದವರು ಎತ್ತಿಕೊಂಡವರೇ ಆಗುತ್ತಾರೆ. ದೂರ ನಿಂತು ಕಾದು ನೋಡಬೇಕು. ತಾಯಿ ಬಂದರೆ ಗೋಡೆಯ ಮರೆಯಲ್ಲಿ ಒಂದು ರಟ್ಟಿನ ಡಬ್ಬ, ಅದರೊಳಗೆ ಗೋಣಿಚೀಲ, ಮೇಲೆ ಒಂದು ಪ್ಲಾಸ್ಟಿಕ್ ಹಾಳೆ, ತಾಯಿಗೆ ಹೊಟ್ಟೆ ತುಂಬ ಅನ್ನ, ಇಷ್ಟು ಸಾಕು. ತಾಯಿಯ ಹೊಟ್ಟೆಗಿಂತ ಒಳ್ಳೆಯ ಹೀಟರನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ದುಡ್ಡು ಕೊಟ್ಟು ಜಾತಿನಾಯಿ ತರುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು 2017ರ ನಾಯಿತಳಿ ಸಾಕಣೆ ಮತ್ತು ಮಾರಾಟ ನಿಯಮಗಳೇ ಹೇಳುತ್ತವೆ. ಅಂಗಡಿಯವನು “ಚಿಕ್ಕದಿದ್ದರೆ ಬೇಗ ಹೊಂದಿಕೊಳ್ಳುತ್ತೆ ಸಾರ್” ಎಂದರೆ ಅವನ ಮಾತನ್ನು ನಂಬಬೇಕಾಗಿಲ್ಲ.

ಚಿಕ್ಕ ನಾಯಿಗೆ ಚಳಿ ಏಕೆ ಹೆಚ್ಚು? ಇದಕ್ಕೆ ಉತ್ತರ ಪ್ರಾಣಿಶಾಸ್ತ್ರಕ್ಕಿಂತ ಮೊದಲು ಗಣಿತದ ಪುಸ್ತಕದಲ್ಲಿದೆ. ಒಂದು ಸೆಂಟಿಮೀಟರ್ ಬದಿಯ ಘನದ ಮೇಲ್ಮೈ 6 ಚದರ ಸೆಂಟಿಮೀಟರ್, ಗಾತ್ರ 1 ಘನ ಸೆಂಟಿಮೀಟರ್. ಬದಿಯನ್ನು ಎರಡು ಸೆಂಟಿಮೀಟರಿಗೆ ಏರಿಸಿದರೆ ಮೇಲ್ಮೈ 24, ಗಾತ್ರ 8. ಅಂದರೆ ಮೊದಲನೆಯದರಲ್ಲಿ ಒಂದು ಪಾಲು ಒಡಲಿಗೆ ಆರು ಪಾಲು ಚರ್ಮ, ಎರಡನೆಯದರಲ್ಲಿ ಮೂರೇ ಪಾಲು. ಶಾಖ ಹುಟ್ಟುವುದು ಒಡಲಿನಲ್ಲಿ, ಸೋರಿ ಹೋಗುವುದು ಚರ್ಮದಿಂದ. ದೇಹ ಚಿಕ್ಕದಾದಷ್ಟೂ ಸೋರಿಕೆ ಹೆಚ್ಚು. ದೊಡ್ಡ ಹಂಡೆಯ ನೀರು ಬಹಳ ಹೊತ್ತು ಬಿಸಿಯಾಗಿದ್ದು, ಲೋಟದ ಕಾಫಿ ಪೇಪರ್ ಓದುವಷ್ಟರಲ್ಲಿ ಆರಿಹೋಗುವುದೂ ಇದೇ ಕಾರಣಕ್ಕೆ. ಶೀತಪ್ರದೇಶದ ಪ್ರಾಣಿಗಳು ಅದೇ ಬಗೆಯ ಉಷ್ಣಪ್ರದೇಶದ ಪ್ರಾಣಿಗಳಿಗಿಂತ ದೊಡ್ಡ ಮೈಯವು ಎಂಬುದನ್ನು ಕಾರ್ಲ್ ಬರ್ಗ್‌ಮನ್ ಎಂಬ ಜರ್ಮನ್ ವಿಜ್ಞಾನಿ 1847ರಲ್ಲೇ ಗುರುತಿಸಿದ್ದ.

ಸೋರಿಹೋದ ಶಾಖವನ್ನು ಮತ್ತೆ ತುಂಬಿಕೊಳ್ಳುವುದು ಊಟದಿಂದ. 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ ತೋರಿಸಿಕೊಟ್ಟ ಲೆಕ್ಕದ ಪ್ರಕಾರ, ಪ್ರಾಣಿಯ ಶಕ್ತಿಯ ಖರ್ಚು ಅದರ ತೂಕಕ್ಕೆ ಸರಿಸಮನಾಗಿ ಏರುವುದಿಲ್ಲ, ತೂಕದ ಮುಕ್ಕಾಲು ಘಾತಕ್ಕೆ ತಕ್ಕಂತೆ ಏರುತ್ತದೆ. ಎರಡು ಕಿಲೋ ತೂಗುವ ಪುಟ್ಟ ನಾಯಿಯನ್ನೂ ಮೂವತ್ತೆರಡು ಕಿಲೋ ತೂಗುವ ಆಲ್ಸೇಷಿಯನ್ನನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ತೂಕದ ವ್ಯತ್ಯಾಸ ಹದಿನಾರು ಪಟ್ಟು. ಊಟದ ವ್ಯತ್ಯಾಸ ಎಂಟೇ ಪಟ್ಟು. (ಹೈಸ್ಕೂಲು ಮಕ್ಕಳು ಹದಿನಾರರ ವರ್ಗಮೂಲ, ಅದರ ವರ್ಗಮೂಲ, ಆಮೇಲೆ ಅದರ ಘನ ತೆಗೆದು ತಾಳೆ ನೋಡಬಹುದು.) ಅಂದರೆ ಕಿಲೋ ಲೆಕ್ಕದಲ್ಲಿ ಪುಟ್ಟ ನಾಯಿಗೆ ದೊಡ್ಡದರ ಎರಡರಷ್ಟು ಊಟ ಬೇಕು. ಆದರೆ ಅದರ ಹೊಟ್ಟೆಯ ಚೀಲವೂ ಪುಟ್ಟದೇ. ಬೆಳಿಗ್ಗೆ ಒಮ್ಮೆ ಹಾಕಿ ರಾತ್ರಿ ಒಮ್ಮೆ ಹಾಕುವ ಪದ್ಧತಿ ದೊಡ್ಡ ನಾಯಿಗೆ ನಡೆಯುತ್ತದೆ. ಎಳೆ ಮರಿಗೆ ದಿನಕ್ಕೆ ನಾಲ್ಕು ಸಲ ಬೇಕು, ಮಲಗುವ ಮೊದಲಿನ ಊಟವಂತೂ ತಪ್ಪಲೇಬಾರದು. ಖಾಲಿ ಹೊಟ್ಟೆಯಲ್ಲಿ ಮಲಗಿದ ಪುಟ್ಟ ಮರಿಯ ರಕ್ತದ ಸಕ್ಕರೆ ನಸುಕಿನ ಹೊತ್ತಿಗೆ ಕುಸಿಯುತ್ತದೆ. ಚಳಿ ಅತಿ ಹೆಚ್ಚಾಗುವುದೂ ಅದೇ ಹೊತ್ತಿಗೆ.

ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತಲೇ ಇರುತ್ತದೆ. ಸೂರ್ಯ ಹುಟ್ಟುವ ಸುಮಾರಿಗೆ ತಾಪಮಾನ ಕನಿಷ್ಠ ಮಟ್ಟಕ್ಕೆ ಇಳಿದಿರುತ್ತದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ ಸೆಲ್ಸಿಯಸ್, ಅದು 1884ರ ಜನವರಿ 13ರಂದು. ಸಾಮಾನ್ಯ ವರ್ಷಗಳಲ್ಲಿ ಅಷ್ಟು ಇಳಿಯುವುದಿಲ್ಲ, ನಿಜ. ಆದರೆ ರಾತ್ರಿ ಹತ್ತು ಗಂಟೆಗೆ ‘ಇಷ್ಟೇ ಚಳಿ ತಾನೇ’ ಎಂದು ಬಾಲ್ಕನಿಯಲ್ಲಿ ಬಿಟ್ಟ ಮರಿ ಬೆಳಗಿನ ಐದೂವರೆಗೆ ಬೇರೆಯೇ ಹವೆಯಲ್ಲಿರುತ್ತದೆ. ಪರೀಕ್ಷೆಗೆ ಓದಲು ಐದಕ್ಕೆ ಏಳುವ ವಿದ್ಯಾರ್ಥಿಗಳು ಮೊದಲು ಮರಿಯನ್ನೊಮ್ಮೆ ಮುಟ್ಟಿ ನೋಡುವುದು ಒಳ್ಳೆಯದು.

ಮುಟ್ಟಿ ನೋಡುವಾಗ ಒಂದು ವಿಷಯ ನೆನಪಿರಬೇಕು. ನಾಯಿಯ ಮೈ ಸಹಜವಾಗಿಯೇ ನಮ್ಮದಕ್ಕಿಂತ ಬಿಸಿ; ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ಅಂದರೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ‘ಮರಿಗೆ ಜ್ವರ ಬಂದಿದೆ’ ಎಂದು ಗಾಬರಿಯಾಗಿ ಮನುಷ್ಯರ ಮಾತ್ರೆ ಪುಡಿ ಮಾಡಿ ಹಾಕುವ ಮನೆಗಳಿವೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ಪುಟ್ಟ ನಾಯಿಗೆ ವಿಷವಾಗಬಲ್ಲವು. ನೆಗಡಿಯಾಗಿದೆಯೆಂದು ಕರ್ಪೂರ, ನೀಲಗಿರಿ ಎಣ್ಣೆ ಬೆರೆತ ಮುಲಾಮನ್ನು ಎದೆಗೆ ಹಚ್ಚುವುದೂ ಬೇಡ. ಅದು ಅದನ್ನು ನೆಕ್ಕಿಯೇ ನೆಕ್ಕುತ್ತದೆ. ಮರಿಯ ಮೈ ಕೈಗೆ ತಣ್ಣಗೆ ತಾಗಿದರೆ ಮಾತ್ರ ನಿಜವಾಗಿ ಹೆದರಬೇಕು.

ಎಲ್ಲ ಚಿಕ್ಕ ನಾಯಿಗಳೂ ಒಂದೇ ಅಲ್ಲ. ನಮ್ಮಲ್ಲಿ ‘ಪಾಮ್’ ಎಂದು ಕರೆಸಿಕೊಳ್ಳುವ ಬಿಳಿಯ ಸ್ಪಿಟ್ಜ್ ನಾಯಿಯ ಪೂರ್ವಿಕರು ಉತ್ತರ ಯೂರೋಪಿನವರು. ಪಾಮರೇನಿಯನ್ ಎಂಬ ಹೆಸರೇ ಬಾಲ್ಟಿಕ್ ಸಮುದ್ರದ ದಂಡೆಯ ಪಾಮರೇನಿಯಾ ಪ್ರಾಂತದಿಂದ ಬಂದದ್ದು. ಅದಕ್ಕೆ ಎರಡು ಪದರದ ತುಪ್ಪಟ. ಒಳಗಿನ ಹತ್ತಿಯಂಥ ಕೂದಲು ಗಾಳಿಯನ್ನು ಹಿಡಿದಿಟ್ಟುಕೊಂಡು ಶಾಖ ಕಾಯುತ್ತದೆ. ಲಾಸಾ ಆಪ್ಸೊ ಟಿಬೆಟ್ಟಿನದು. ಇವುಗಳಿಗೆ ಬೆಂಗಳೂರಿನ ಡಿಸೆಂಬರಿನಲ್ಲಿ ಸ್ವೆಟರ್ ತೊಡಿಸುವುದು ಫೋಟೋಕ್ಕೆ ಮಾತ್ರ. ಪಗ್, ಡ್ಯಾಶ್‌ಹೂಂಡ್, ಚಿವಾವಾಗಳದು ಬೇರೆ ಕಥೆ. ಅವುಗಳ ಕೂದಲು ಗಿಡ್ಡ, ಮೈಕೊಬ್ಬೂ ಸಣ್ಣಮರಿಗಳಲ್ಲಿ ಕಡಿಮೆ. ಡ್ಯಾಶ್‌ಹೂಂಡಿನ ಕಾಲು ಎಷ್ಟು ಗಿಡ್ಡವೆಂದರೆ ಬೆಳಗಿನ ಇಬ್ಬನಿ ಬಿದ್ದ ಹುಲ್ಲಿನಲ್ಲಿ ಒಂದು ಸುತ್ತು ಬಂದರೆ ಹೊಟ್ಟೆಯೆಲ್ಲ ಒದ್ದೆ. ಬೀದಿನಾಯಿಯ ಕೂದಲೂ ಗಿಡ್ಡವೇ. ಅದು ‘ಗಟ್ಟಿ ಜಾತಿ’ ಎಂಬ ಮಾತು ಬೆಳೆದ ನಾಯಿಗೆ ಒಪ್ಪುತ್ತದೆ, ಆರು ವಾರದ ಮರಿಗೆ ಒಪ್ಪುವುದಿಲ್ಲ. ಮುದಿನಾಯಿಗಳನ್ನೂ, ಸಂಧಿವಾತದಿಂದ ಬೆಳಿಗ್ಗೆ ಎದ್ದೇಳಲು ಕಷ್ಟಪಡುವ ನಾಯಿಗಳನ್ನೂ ಮರಿಗಳ ಸಾಲಿಗೇ ಸೇರಿಸಬೇಕು.

ಇನ್ನು ಹಾಸಿಗೆ. ಇಲ್ಲಿ ಹೆಚ್ಚಿನವರು ಮರೆಯುವುದು ನೆಲವನ್ನು. ಮೇಲೆ ಎಷ್ಟು ಹೊದಿಸಿದರೂ ಕೆಳಗಿನ ಗ್ರಾನೈಟು, ಟೈಲ್ಸು ರಾತ್ರಿಯಿಡೀ ಮರಿಯ ಮೈಯಿಂದ ಶಾಖವನ್ನು ಹೀರುತ್ತಲೇ ಇರುತ್ತವೆ. ಒಂದೇ ಕೋಣೆಯಲ್ಲಿ ಒಂದು ಕಾಲನ್ನು ಟೈಲ್ಸಿನ ಮೇಲೂ ಇನ್ನೊಂದನ್ನು ಚಾಪೆಯ ಮೇಲೂ ಇಟ್ಟು ನಿಂತರೆ ಇದು ಯಾರಿಗಾದರೂ ತಿಳಿಯುತ್ತದೆ. ಎರಡರ ತಾಪಮಾನವೂ ಒಂದೇ. ಆದರೂ ಟೈಲ್ಸು ತಣ್ಣಗಿದೆ ಎನ್ನಿಸುವುದು ಅದು ಶಾಖವನ್ನು ಬೇಗ ಸಾಗಿಸುವುದರಿಂದ. ಆದ್ದರಿಂದ ರಟ್ಟಿನ ಡಬ್ಬವನ್ನು ಎರಡು ಇಟ್ಟಿಗೆ ಅಥವಾ ಒಂದು ಮಣೆಯ ಮೇಲೆ ಎತ್ತಿ ಇಡಬೇಕು. ಕೆಳಗೆ ಮಡಿಸಿದ ದಿನಪತ್ರಿಕೆಯ ದಪ್ಪ ಪದರ, ಅದರ ಮೇಲೆ ಗೋಣಿಚೀಲ, ಅದರ ಮೇಲೆ ಹಳೆಯ ಕಂಬಳಿಯ ತುಂಡು. ಡಬ್ಬ ಮರಿ ಸುತ್ತಿಕೊಂಡು ಮಲಗುವಷ್ಟಿದ್ದರೆ ಸಾಕು. ದೊಡ್ಡದಾದರೆ ಅಷ್ಟೂ ಗಾಳಿಯನ್ನು ಮರಿಯೇ ಬೆಚ್ಚಗೆ ಮಾಡಬೇಕಾಗುತ್ತದೆ. ಬಾಗಿಲ ಸಂದಿಯ ಗಾಳಿ ನೇರವಾಗಿ ಬಡಿಯದ ಮೂಲೆ ಆರಿಸಿಕೊಳ್ಳಬೇಕು. ಹಾಸಿದ್ದು ಒದ್ದೆಯಾದ ಕೂಡಲೇ ಬದಲಿಸಬೇಕು. ಎಳೆಯ ಮರಿ ಹಾಸಿಗೆಯನ್ನು ಒದ್ದೆ ಮಾಡದೆ ಇರುವುದಿಲ್ಲ. ಹೀಗಾಗಿ ಈ ಕೆಲಸ ಯಾರದೆಂದು ಮೊದಲ ದಿನವೇ ತೀರ್ಮಾನವಾಗುವುದು ಕ್ಷೇಮ. ತೀರ್ಮಾನವಾಗದ ಮನೆಗಳಲ್ಲಿ ಅದು ಅಮ್ಮನ ಪಾಲಿಗೇ ಬರುತ್ತದೆ.

ಹಾಸಲು ಹಳೆಯ ಸ್ವೆಟರ್ ಕೊಡುವವರು ಒಂದು ಎಚ್ಚರ ವಹಿಸಬೇಕು. ವರ್ಷವೆಲ್ಲ ಬೀರುವಿನಲ್ಲಿದ್ದ ಉಣ್ಣೆಯ ಬಟ್ಟೆಗೆ ನುಸಿಗುಳಿಗೆಯ ವಾಸನೆ ಹಿಡಿದಿರುತ್ತದೆ. ನ್ಯಾಫ್ತಲೀನಿನ ಆ ಗುಳಿಗೆ ಮಡಿಕೆಯೊಳಗೆ ಉಳಿದಿದ್ದು ಮರಿ ಅದನ್ನು ಕಚ್ಚಿ ನುಂಗಿದರೆ ರಕ್ತದ ಕೆಂಪುಕಣಗಳೇ ಒಡೆಯುತ್ತವೆ. ಬಟ್ಟೆಯನ್ನು ಚೆನ್ನಾಗಿ ಕೊಡವಿ, ಒಗೆದು, ಬಿಸಿಲಿಗೆ ಹಾಕಿದ ಮೇಲೆಯೇ ಮರಿಗೆ ಕೊಡಬೇಕು.

ಹುಟ್ಟಿದ ಮೊದಲ ವಾರದ ಮರಿಗೆ ನಡುಗಲೂ ಬರುವುದಿಲ್ಲ. ನಡುಕವೆಂದರೆ ಸ್ನಾಯುಗಳು ತಾವೇ ದುಡಿದು ಶಾಖ ಹುಟ್ಟಿಸುವ ಉಪಾಯ. ಆ ವಿದ್ಯೆ ಅದಕ್ಕಿನ್ನೂ ಬಂದಿರುವುದಿಲ್ಲ. ತಾಯಿ ಇಲ್ಲದ ಅಂಥ ಮರಿಯ ಡಬ್ಬದೊಳಗೆ ಮೊದಲ ವಾರ 29ರಿಂದ 32 ಡಿಗ್ರಿ ಸೆಲ್ಸಿಯಸ್ ಶಾಖ ಇರಬೇಕು, ಆಮೇಲೆ ವಾರದಿಂದ ವಾರಕ್ಕೆ ಇಳಿಸುತ್ತ ಬಂದು ನಾಲ್ಕನೆಯ ವಾರಕ್ಕೆ 24ರ ಆಸುಪಾಸಿಗೆ ತರಬಹುದು. ಕೋಳಿಮರಿಗಳಿಗೆ ಮಾಡುವಂತೆ ಬಲ್ಬು ತೂಗುಹಾಕುವುದು ಹಳೆಯ ಉಪಾಯ. ಆದರೆ ಆ ಉಪಾಯ ನಡೆಯುತ್ತಿದ್ದದ್ದು ತಂತಿ ಉರಿಯುವ ಬಲ್ಬಿನ ಕಾಲದಲ್ಲಿ. ಅದಕ್ಕೆ ಹರಿದ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಶಾಖವಾಗಿಯೇ ಹೋಗುತ್ತಿತ್ತು. ಇಂದಿನ ಎಲ್‌ಇಡಿ ಬಲ್ಬು ತೂಗುಹಾಕಿದರೆ ಮರಿಗೆ ಬೆಳಕು ಸಿಕ್ಕೀತು, ಬಿಸಿ ಸಿಗದು. ಹಳೆಯ ಬಗೆಯ ಬಲ್ಬು ಸಿಕ್ಕಿದರೂ ಅದನ್ನು ಡಬ್ಬದ ಒಂದು ಬದಿಗೆ, ರಟ್ಟಿಗೂ ಬಟ್ಟೆಗೂ ತಾಗದಂತೆ ಕಟ್ಟಬೇಕು. ಇನ್ನೊಂದು ಬದಿ ತಂಪಾಗಿರಲಿ. ಸೆಕೆಯಾದರೆ ಮರಿ ತೆವಳಿಕೊಂಡು ಆಚೆಗೆ ಹೋಗುವ ದಾರಿ ಇರಬೇಕು. ವೈರನ್ನು ಮರಿಯ ಹಲ್ಲಿಗೆ ಸಿಗದಂತೆ ಮೇಲಿನಿಂದ ಇಳಿಸಬೇಕು. ಕರೆಂಟಿನ ಗೊಡವೆ ಬೇಡವೆಂದರೆ ಬಿಸಿನೀರು ತುಂಬಿದ ಬಾಟಲಿಯನ್ನು ಟವೆಲಿನಲ್ಲಿ ಎರಡು ಸುತ್ತು ಸುತ್ತಿ ಇಡಬಹುದು. ಬರಿಯ ಬಾಟಲಿ ಎಳೆಯ ಚರ್ಮವನ್ನು ಸುಡುತ್ತದೆ. ಆರಿದ ಬಾಟಲಿಯೋ, ಮರಿಯ ಶಾಖವನ್ನೇ ಕದಿಯುತ್ತದೆ. ಮೂರು ನಾಲ್ಕು ಗಂಟೆಗೊಮ್ಮೆ ನೀರು ಬದಲಿಸಬೇಕು.

ಬಿಸಿ ಹೆಚ್ಚಾದರೂ ಅಪಾಯವೇ. 1957ರ ನವೆಂಬರ್ 3ರಂದು ಸೋವಿಯತ್ ರಷ್ಯಾ ಬಾಹ್ಯಾಕಾಶಕ್ಕೆ ಕಳಿಸಿದ ಲೈಕಾಳ ಹೆಸರು ಎಲ್ಲ ಮಕ್ಕಳಿಗೂ ಗೊತ್ತು. ಅವಳು ಮಾಸ್ಕೋದ ಬೀದಿಯಿಂದ ಹಿಡಿದು ತಂದ, ಸುಮಾರು ಆರು ಕಿಲೋ ತೂಗುವ ಚಿಕ್ಕ ನಾಯಿ. ಮಾಸ್ಕೋದ ಚಳಿಯನ್ನೂ ಹಸಿವನ್ನೂ ತಡೆದು ಬದುಕಿದ ಬೀದಿನಾಯಿ ಎಂಥ ಕಷ್ಟವನ್ನಾದರೂ ತಡೆದೀತೆಂದು ವಿಜ್ಞಾನಿಗಳು ಬೀದಿನಾಯಿಗಳನ್ನೇ ಆರಿಸಿದ್ದರು. ಅವಳು ಹಲವು ದಿನ ಬದುಕಿದ್ದಳೆಂದು ಬಹುಕಾಲ ಜಗತ್ತು ನಂಬಿತ್ತು. ಉಡಾವಣೆಯಾದ ಕೆಲವೇ ಗಂಟೆಗಳಲ್ಲಿ, ಕೋಶದೊಳಗಿನ ವಿಪರೀತ ಸೆಕೆಯಿಂದ ಅವಳು ಸತ್ತಳೆಂಬ ಸತ್ಯ ಹೊರಬಿದ್ದದ್ದು 2002ರಲ್ಲಿ. ಅಷ್ಟು ಚಳಿಯನ್ನು ಗೆದ್ದ ಪ್ರಾಣಿ ಸತ್ತದ್ದು ಬಿಸಿಗೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದರ ಮುಖ್ಯ ದಾರಿ. ಸ್ವೆಟರ್ ತೊಟ್ಟ ನಾಯಿ ಏದುಸಿರು ಬಿಡುತ್ತಿದ್ದರೆ, ಮರಿ ಬಲ್ಬಿನಿಂದ ದೂರ ಹೋಗಿ ಚಾಚಿ ಮಲಗಿದ್ದರೆ, ಶಾಖ ಹೆಚ್ಚಾಗಿದೆ ಎಂದೇ ಅರ್ಥ.

ಅಗ್ಗಿಷ್ಟಿಕೆಯ ವಿಷಯದಲ್ಲಿ ರಾಜಿಯೇ ಬೇಡ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪುಟ್ಟ ಪ್ರಾಣಿಗಳ ಉಸಿರಾಟ ವೇಗವಾದ್ದರಿಂದ ಅದು ಮೊದಲು ಅವುಗಳಿಗೇ ತಟ್ಟುತ್ತದೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ 1986ರವರೆಗೂ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಳ್ಳುತ್ತಿದ್ದದ್ದು ಇದೇ ಕಾರಣಕ್ಕೆ. ಮರಿಯನ್ನು ಬೆಚ್ಚಗಿಡಲು ಹೊತ್ತಿಸಿದ ಕೆಂಡ ಮನೆಮಂದಿಯನ್ನೇ ಬಲಿ ತೆಗೆದುಕೊಳ್ಳಬಹುದು.

ಸ್ವೆಟರ್ ಬೇಕಾದ ನಾಯಿಗೆ ಅಂಗಡಿಯಿಂದಲೇ ತರಬೇಕೆಂದಿಲ್ಲ. ಅಣ್ಣನಿಗೋ ಅಕ್ಕನಿಗೋ ಚಿಕ್ಕದಾದ ಶಾಲೆಯ ಸ್ವೆಟರಿನ ತೋಳನ್ನು ಕತ್ತರಿಸಿ, ಮುಂಗಾಲು ತೂರಲು ಎರಡು ತೂತು ಮಾಡಿ, ಅಂಚು ಹೊಲಿದರೆ ಮರಿಗೆ ಹೇಳಿ ಮಾಡಿಸಿದಂತಾಗುತ್ತದೆ; ಮಣಿಕಟ್ಟಿನ ಬಿಗಿಯಂಚು ಕುತ್ತಿಗೆಗೆ ಬರುತ್ತದೆ. ಆ ಅಂಚು ಮತ್ತು ಕುತ್ತಿಗೆಯ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಗುಂಡಿ ಬೇಡ, ಕಿತ್ತು ನುಂಗುತ್ತದೆ. ಒದ್ದೆಯಾದ ಸ್ವೆಟರ್ ಸ್ವೆಟರೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಮನೆಯಲ್ಲಿ ಯಾರೂ ಇಲ್ಲದಾಗ ಬಿಚ್ಚಿಡುವುದೇ ಸರಿ, ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಬಿಡಿಸುವವರಿರುವುದಿಲ್ಲ.

ಮನೆಗೆ ತಂದ ಕೂಡಲೇ ಮರಿಗೆ ಸ್ನಾನ ಮಾಡಿಸುವ ಉತ್ಸಾಹವನ್ನು ಮಕ್ಕಳು ತಡೆದುಕೊಳ್ಳಬೇಕು. ಕೊಳೆಯಿಂದ ಮರಿ ಸಾಯುವುದಿಲ್ಲ, ಒದ್ದೆ ಮೈಯ ಚಳಿಯಿಂದ ಸಾಯಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಆ ಕೂಡಲೇ ಒಣ ಬಟ್ಟೆಯಿಂದ ತಿಕ್ಕಿದರೆ ಸಾಕು. ಬೆಳೆದ ನಾಯಿಗೆ ಸ್ನಾನ ಬೇಕೆನಿಸಿದರೆ ಮಧ್ಯಾಹ್ನದ ಬಿಸಿಲಿನಲ್ಲಿ.

ಹಸುವಿನ ಹಾಲನ್ನು ಬಟ್ಟಲು ತುಂಬ ಇಟ್ಟರೆ ಹಲವು ಮರಿಗಳಿಗೆ ಭೇದಿಯಾಗುತ್ತದೆ. ಭೇದಿಯಾದ ಮರಿ ನೀರನ್ನೂ ಶಾಖವನ್ನೂ ಒಟ್ಟಿಗೇ ಕಳೆದುಕೊಳ್ಳುತ್ತದೆ. ತಾಯಿಹಾಲು ಬಿಡಿಸಿದ ಮರಿಗೆ ಮೆತ್ತಗೆ ಬೇಯಿಸಿದ ಅನ್ನಕ್ಕೆ ಕಿವುಚಿದ ಬೇಯಿಸಿದ ಮೊಟ್ಟೆ ಅಥವಾ ಕೋಳಿಮಾಂಸ ಸೇರಿಸಿ ಬೆಚ್ಚಗೆ ಕೊಡಬಹುದು. ಮಾಂಸ ಮೊಟ್ಟೆ ಒಲ್ಲದ ಮನೆಗಳಲ್ಲಿ ಮೊಸರನ್ನ ಸದ್ಯಕ್ಕೆ ಆದೀತು. ಮುಂದೆ ಏನೆಂದು ಪಶುವೈದ್ಯರನ್ನು ಕೇಳಬೇಕು. ಫ್ರಿಜ್ಜಿನಿಂದ ತೆಗೆದದ್ದನ್ನು ಹಾಗೇ ಹಾಕಬಾರದು. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ನಾಯಿಗೆ ಆಗದ ವಸ್ತುಗಳು. ದ್ರಾಕ್ಷಿ, ಒಣದ್ರಾಕ್ಷಿಯಿಂದ ಮೂತ್ರಪಿಂಡ ಕೆಡಬಹುದು. ಡಿಸೆಂಬರಿನ ಪ್ಲಮ್ ಕೇಕಿನ ತುಂಬ ಒಣದ್ರಾಕ್ಷಿಯೇ ಇರುತ್ತದೆ ಎಂಬುದನ್ನು ಮಕ್ಕಳು ಗಮನಿಸಬೇಕು.

ಅಪಾಯದ ಗುರುತುಗಳು ಹೀಗೆ. ಮೊದಲು ನಡುಕ, ಬಾಲ ಒಳಗೆಳೆದುಕೊಂಡು ಮುದುರುವುದು, ಒಂದೊಂದೇ ಕಾಲನ್ನು ಎತ್ತಿ ಹಿಡಿಯುವುದು. ಇಷ್ಟರಲ್ಲೇ ಎಚ್ಚೆತ್ತರೆ ಭಯವಿಲ್ಲ. ಆಮೇಲೆ ನಡುಕ ನಿಲ್ಲುತ್ತದೆ. ‘ಸದ್ಯ, ಬೆಚ್ಚಗಾಯಿತು’ ಎಂದು ಮನೆಯವರು ನಿಟ್ಟುಸಿರು ಬಿಡುವುದು ಈ ಹಂತದಲ್ಲೇ. ಮರಿ ಮಂಕಾಗಿದ್ದು, ವಸಡು ಬಿಳಚಿಕೊಂಡು, ಮೈ ತಣ್ಣಗಿದ್ದರೆ ನಡುಗುವ ಶಕ್ತಿಯೂ ಮುಗಿದಿದೆ ಎಂದರ್ಥ. ಮೈಯ ಶಾಖ 37 ಡಿಗ್ರಿಗಿಂತ ಕೆಳಗಿಳಿದರೆ ತಡಮಾಡಬಾರದು. ಒಣ ಬಟ್ಟೆಯಲ್ಲಿ ಸುತ್ತಿ, ದೊಡ್ಡವರೊಬ್ಬರು ಎದೆಗೆ ಅವಚಿಕೊಂಡು ನಿಧಾನವಾಗಿ ಬೆಚ್ಚಗೆ ಮಾಡಬೇಕು. ಬಿಸಿನೀರಿನಲ್ಲಿ ಮುಳುಗಿಸುವುದು, ಹೇರ್ ಡ್ರೈಯರನ್ನು ಹತ್ತಿರ ಹಿಡಿಯುವುದು ಕೂಡದು. ತಣ್ಣಗಾದ ಎಳೆಮರಿಯ ಬಾಯಿಗೆ ಹಾಲು ಹೊಯ್ಯಲೂಬಾರದು. ಅದರ ಕರುಳು ಆಗ ಕೆಲಸ ಮಾಡುತ್ತಿರುವುದಿಲ್ಲ, ಹಾಲು ಶ್ವಾಸಕೋಶಕ್ಕೂ ಹೋಗಬಹುದು. ವಸಡಿಗೆ ಒಂದಿಷ್ಟು ಸಕ್ಕರೆ ಪಾಕ ಅಥವಾ ಗ್ಲೂಕೋಸ್ ಸವರಿ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಚಳಿಗಾಲದಲ್ಲಿ ಡಿಸ್ಟೆಂಪರ್ ವೈರಸ್ಸು ಹೊರಗಿನ ಹವೆಯಲ್ಲಿ ಬೇಸಿಗೆಗಿಂತ ಹೆಚ್ಚು ಹೊತ್ತು ಉಳಿಯುತ್ತದೆ. ಪಾರ್ವೊ ವೈರಸ್ಸಂತೂ ತಿಂಗಳುಗಟ್ಟಲೆ ನೆಲದಲ್ಲೇ ಇರಬಲ್ಲದು. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಲಸಿಕೆ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಹಾಕಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಜಂತುಹುಳುವಿನ ಔಷಧಿ ಇದಕ್ಕೂ ಮೊದಲು. ಮರಿಯ ಹೊಟ್ಟೆಯ ಹುಳುಗಳು ಮಕ್ಕಳಿಗೂ ಅಂಟುತ್ತವೆ, ಆದ್ದರಿಂದ ಮರಿಯನ್ನು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಊಟಕ್ಕೆ ಕೂರಬೇಕು. ತಂದೆತಾಯಿಗಳು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಬೀದಿಯ ಮರಿ ಆಟವಾಡುತ್ತಲೇ ಕಚ್ಚಿದರೂ, ಪರಚಿದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಮರಿಗಳಲ್ಲೂ ಇರಬಹುದು. ‘ಅಮ್ಮ ಬೈತಾಳೆ, ಮರೀನ ಆಚೆ ಹಾಕ್ತಾಳೆ’ ಎಂಬ ಹೆದರಿಕೆಯಿಂದ ಮಕ್ಕಳು ಗಾಯ ಮುಚ್ಚಿಡುತ್ತಾರೆ. ಹಾಗೆ ಮುಚ್ಚಿಡದಂಥ ಸಲುಗೆ ಮನೆಯಲ್ಲಿರುವುದು ಲಸಿಕೆಯಷ್ಟೇ ಮುಖ್ಯ.

ಹಿಮ ಬೀಳುವ ದೇಶಗಳಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿಗೆ ಇನ್ನೂ ಎರಡು ಕಾಟಗಳಿವೆ. ರಸ್ತೆಯ ಹಿಮ ಕರಗಲೆಂದು ಸುರಿಯುವ ಉಪ್ಪು ಅಂಗಾಲನ್ನು ಉರಿಸುತ್ತದೆ, ನಾಯಿ ಅದನ್ನು ನೆಕ್ಕುತ್ತದೆ. ಮನೆಗೆ ಬಂದೊಡನೆ ಕಾಲು ತೊಳೆದು ಒರೆಸಬೇಕು. ಕಾರಿನ ಎಂಜಿನ್ ಹೆಪ್ಪುಗಟ್ಟದಿರಲೆಂದು ಹಾಕುವ ದ್ರವದಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ಗ್ಯಾರೇಜಿನ ನೆಲಕ್ಕೆ ಸೋರಿದ ನಾಲ್ಕಾರು ಚಮಚ ಪುಟ್ಟ ನಾಯಿಯ ಪ್ರಾಣ ತೆಗೆಯಲು ಸಾಕು.

ಇಲ್ಲಿನ ಕಾರುಗಳಿಂದಲೂ ಅಪಾಯವಿದೆ, ಬೇರೆ ರೀತಿಯದು. ರಾತ್ರಿ ನಿಲ್ಲಿಸಿದ ಕಾರಿನ ಎಂಜಿನ್ ಬಹಳ ಹೊತ್ತು ಬಿಸಿಯಾಗಿರುತ್ತದೆ. ಬೀದಿಯ ಮರಿಗಳು ಅದರಡಿ, ಚಕ್ರಕ್ಕೆ ಒರಗಿಕೊಂಡು ಮಲಗುತ್ತವೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವ ಅವಸರದಲ್ಲಿ ಯಾರೂ ಬಗ್ಗಿ ನೋಡುವುದಿಲ್ಲ. ಅಪ್ಪ ಕೀಲಿ ತಿರುಗಿಸುವ ಮೊದಲು ಬಾನೆಟ್ಟಿನ ಮೇಲೆ ನಾಲ್ಕು ಸಲ ಬಡಿದು, ನಾಲ್ಕೂ ಚಕ್ರಗಳ ಹಿಂದೆ ಇಣುಕಿ ನೋಡುವ ಕೆಲಸವನ್ನು ಶಾಲೆಗೆ ಹೊರಟ ಮಕ್ಕಳಿಗೇ ವಹಿಸಬಹುದು. ಒಂದು ನಿಮಿಷವೂ ಬೇಡ, ಶಿವರಾತ್ರಿಯವರೆಗೆ ಮಾಡಿದರೆ ಆಯಿತು. ಅಷ್ಟರಲ್ಲಿ ಡಿಸೆಂಬರಿನ ಮರಿಗಳು ಗಾಡಿಯ ಸದ್ದು ಕೇಳಿದರೆ ತಾವೇ ಎದ್ದು ಓಡುವಷ್ಟು ದೊಡ್ಡವಾಗಿರುತ್ತವೆ.